ನಿನ್ನ ಹೆಸರನ್ನು ಕೈಗಡ ಪಡೆದವನ ಪತ್ರ

ಬೆಂಗಳೂರು
ಭಾನುವಾರ ಬೆಳಿಗ್ಗೆ

ಪ್ರಿಯ ಹರ್ಷ,

ಮಗ ಹುಟ್ಟಿದ ಸುದ್ದಿಯ ಬೆನ್ನಿಗೇ ನಿನ್ನ ಆಜ್ಞೆಯೂ ಬಂದು ತಲುಪಿತು: ಹೆಸರು ಹಳೆಯದಿರಬೇಕು, ಕನ್ನಡದ್ದೆನ್ನಿಸಬೇಕು, ತರಗತಿಯಲ್ಲಿ ಇನ್ನೊಬ್ಬನಿಗೆ ಇರಬಾರದು, ಅಂಥದೊಂದನ್ನು ಹುಡುಕಿ ಕಳುಹಿಸು. ಈ ಕೆಲಸಕ್ಕೆ ನಿನಗೆ ನಾನೇ ನೆನಪಾದದ್ದು ಏಕೆಂದು ಗೊತ್ತು. ಮೂವತ್ತೆಂಟು ವರ್ಷಗಳಿಂದ ಅಂಥ ಹೆಸರೊಂದನ್ನು ಹೊತ್ತು ತಿರುಗುತ್ತಿರುವವನು ನಿನ್ನ ಬಳಗದಲ್ಲಿ ನಾನೊಬ್ಬನೇ. ಉತ್ತರವನ್ನು ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು; ಆದರೆ ಅಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯೆ, ಹೀಗೆ ನಾಲ್ಕು ಜನ ಓದುವ ಕಡೆ ಬರೆದರೆ ಹಾಕಲಾರೆ. ಛತ್ರಿಯ ವಿಷಯ ಎತ್ತುವುದಿಲ್ಲ, ಹೆದರಬೇಡ.

ಆ ನಾಲ್ಕು ಜನರಿಗಾಗಿ ಒಂದು ಮಾತು: ನನ್ನ ಹೆಸರು ಪುಲಿಕೇಶಿ. ಅಡ್ಡಹೆಸರಲ್ಲ, ಕಾವ್ಯನಾಮವೂ ಅಲ್ಲ, ತೊಟ್ಟಿಲಲ್ಲಿ ಹಾಕಿ ಇಟ್ಟ ಹೆಸರು. ಈ ಹೆಸರಿನ ಇನ್ನೊಬ್ಬ ಮನುಷ್ಯನನ್ನು ನಾನು ಜೀವನದಲ್ಲಿ ಒಮ್ಮೆ ಮಾತ್ರ ಕಂಡಿದ್ದೇನೆ. ಆತ ಗದಗದಿಂದ ಬಾದಾಮಿಗೆ ಹೋಗುವ ಬಸ್ಸಿನ ಕಂಡಕ್ಟರ್. ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ನೋಡಿ ನಾನು ನನ್ನ ಹೆಸರನ್ನೂ ಹೇಳಿದಾಗ ಆತ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ, ಒಂದೇ ಕಾಯಿಲೆಯ ಇಬ್ಬರು ದವಾಖಾನೆಯ ಬೆಂಚಿನ ಮೇಲೆ ಭೇಟಿಯಾದಾಗ ಕೇಳುವ ಧಾಟಿಯಲ್ಲಿ, ‘ನಿಮಗೂ ಆಧಾರ್ ಕಾರ್ಡಿನಾಗ ತಪ್ಪೇ ಬಂದದೇನ್ರಿ?’ ಎಂದು ಕೇಳಿದ.

ಬಂದಿದೆ. ಅಂಕಪಟ್ಟಿಯಲ್ಲಿ ನಾನು ಪುಲಿಕೇಶಿ, ಆಧಾರ್‌ನಲ್ಲಿ ಪುಲಕೇಶಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಪುಲ್ಕೇಶ್. ಈ ಮೂವರೂ ಒಬ್ಬನೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿಸಿಕೊಂಡ ವಕೀಲರು ಸರಿಯಾದ ರೂಪ ಯಾವುದೆಂದು ಕೇಳಿದಾಗ ನನಗೆ ಚಾಲುಕ್ಯ ಅರಸ ಇಮ್ಮಡಿ ಪುಲಿಕೇಶಿಯನ್ನು ಹೊಗಳುವ ಐಹೊಳೆಯ ಶಾಸನವನ್ನೇ ಅಡಕವಾಗಿ ಲಗತ್ತಿಸಬೇಕೆನ್ನಿಸಿತು. ಆದರೆ ಅಲ್ಲಿರುವುದು ‘ಪೊಲೆಕೇಶಿ’! ಅದೇ ಅರಸನ ಕಾಲದಲ್ಲಿ ಈ ನಾಡಿಗೆ ಬಂದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ತನ್ನ ಲಿಪಿಯಲ್ಲಿ ‘ಪು-ಲೊ-ಕಿ-ಶೆ’ ಎಂದು ಬರೆದುಕೊಂಡ. ಏಳನೆಯ ಶತಮಾನದಿಂದ ಇತ್ಯರ್ಥವಾಗದ ಕಾಗುಣಿತವನ್ನು ಬ್ಯಾಂಕಿನ ಗುಮಾಸ್ತರು ಇತ್ಯರ್ಥಪಡಿಸಲಿ ಎಂದು ಬಯಸುವುದು ಅನ್ಯಾಯವೇ ಸರಿ.

ಅರ್ಥದಲ್ಲಿಯೂ ಒಮ್ಮತವಿಲ್ಲ. ಶಾಸನತಜ್ಞ ಫ್ಲೀಟ್ ಇದನ್ನು ಹುಲಿಯ ಕೂದಲುಳ್ಳವನು ಎಂದು ಬಿಡಿಸಿದರೆ, ಇತಿಹಾಸಕಾರ ನೀಲಕಂಠ ಶಾಸ್ತ್ರಿಗಳು ಸಂಸ್ಕೃತದ ಕಡೆಗೆ ಎಳೆದು ಮಹಾಸಿಂಹ ಎಂದರು. ನನ್ನ ತಲೆಯ ಈಗಿನ ಸ್ಥಿತಿಯನ್ನು ಬಲ್ಲ ನೀನು ಎರಡನೆಯ ಅರ್ಥವನ್ನೇ ಒಪ್ಪಿಕೊಳ್ಳಬೇಕಾಗಿ ಪ್ರಾರ್ಥನೆ. ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ಸಂಗತಿ. ಕನ್ನಡದ ಬಾಯಲ್ಲಿ ಪಾಲು ಹಾಲಾಯಿತು, ಪೂವು ಹೂವಾಯಿತು, ಪುಲಿ ಹುಲಿಯಾಯಿತು. ಈಗ ನಾವು ಲಕ್ಷ್ಮೇಶ್ವರ ಎನ್ನುವ ಪುಲಿಗೆರೆಯೂ ಒಂದು ಕಾಲಕ್ಕೆ ಹುಲಿಗೆರೆಯಾಯಿತು. ಈ ಹೆಸರನ್ನು ಅಜ್ಜಂದಿರು ಮೊಮ್ಮಕ್ಕಳಿಗೆ ಇಡುತ್ತಾ, ತಾಯಂದಿರು ಊಟಕ್ಕೆ ಕೂಗುತ್ತಾ ಬಂದಿದ್ದರೆ ನಾನು ಹುಲಿಕೇಶಿಯೋ ಹುಲಿಕೇಶಪ್ಪನೋ ಆಗಿರಬೇಕಿತ್ತು. ‘ಪ’ಕಾರ ಹಾಗೆಯೇ ಉಳಿದಿದೆ ಎಂದರೆ, ನನ್ನ ಊಹೆಯಲ್ಲಿ, ನಡುವಿನ ಸಾವಿರ ವರ್ಷ ಇದನ್ನು ಯಾರೂ ಹೆಚ್ಚಾಗಿ ಕೂಗಿಲ್ಲ. ಕಲ್ಲಿನ ಮೇಲೆ, ತಾಮ್ರಪಟದ ಮೇಲೆ ಮಲಗಿದ್ದ ಹೆಸರು ಇತಿಹಾಸದ ಪಾಠಗಳು ಬಂದ ಮೇಲೆ ಎದ್ದು ಕುಳಿತಿದೆ. 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂತು, 1956ರಲ್ಲಿ ನಾಡು ಒಂದಾಯಿತು, 1967ರಲ್ಲಿ ರಾಜಕುಮಾರ್ ಅಭಿನಯದ ‘ಇಮ್ಮಡಿ ಪುಲಿಕೇಶಿ’ ತೆರೆಕಂಡಿತು. ಆ ಚಿತ್ರವನ್ನು ನಮ್ಮಪ್ಪ ಹನ್ನೆರಡನೆಯ ವಯಸ್ಸಿನಲ್ಲಿ ಟೂರಿಂಗ್ ಟಾಕೀಸಿನ ನೆಲದ ಮೇಲೆ ಕುಳಿತು ನೋಡಿದರು, ಮುಂದೆ ಮೇಷ್ಟ್ರಾದರು, ಮದುವೆಯಾದರು, ಮಗನನ್ನು ಪಡೆದರು. ಉಳಿದದ್ದು ನಿನಗೆ ಗೊತ್ತು.

ನಮ್ಮಿಬ್ಬರ ಲೆಕ್ಕವೂ ಅಲ್ಲಿಂದಲೇ ಶುರುವಾದದ್ದು. ಏಳನೆಯ ತರಗತಿಯ ಪ್ರವಾಸದಲ್ಲಿ ಅಪ್ಪ ನಮ್ಮನ್ನೆಲ್ಲ ಐಹೊಳೆಯ ಮೇಗುತಿಯ ಗುಡ್ಡ ಹತ್ತಿಸಿ, ಜಿನಾಲಯದ ಪೂರ್ವದ ಗೋಡೆಯೆದುರು ನಿಲ್ಲಿಸಿ, ಕಲ್ಲಿಗೆ ಬೆರಳು ತಾಗದಂತೆ ಗೇಣುದ್ದ ದೂರದಲ್ಲೇ ಸಾಲುಗಳನ್ನು ತೋರಿಸುತ್ತಾ, ಶಕವರ್ಷ 556ರಲ್ಲಿ, ಎಂದರೆ ಕ್ರಿಸ್ತಶಕ 634ರ ಸುಮಾರಿಗೆ, ರವಿಕೀರ್ತಿ ಎಂಬ ಕವಿ ಈ ಬಸದಿಯನ್ನು ಕಟ್ಟಿಸಿ ತನ್ನನ್ನು ಕಾಳಿದಾಸ ಭಾರವಿಗಳಿಗೆ ಸಮನೆಂದು ತಾನೇ ಹೊಗಳಿಕೊಂಡಿದ್ದಾನೆ ಎಂದು ಹೇಳಿ ನಗಿಸಿದ್ದರು. ಆಮೇಲೆ ಆ ಸಾಲು ಬಂತು: ‘ಭಯವಿಗಲಿತಹರ್ಷೋ ಯೇನ ಚಾಕಾರಿ ಹರ್ಷಃ’. ಕನೌಜಿನ ಹರ್ಷವರ್ಧನನು ಇಮ್ಮಡಿ ಪುಲಿಕೇಶಿಯೆದುರು ತನ್ನ ಆನೆಗಳು ಉರುಳಿದ್ದನ್ನು ಕಂಡು, ಭಯದಿಂದ ಹರ್ಷ ಕಳಚಿಹೋದ ಹರ್ಷನಾದ ಎಂದು ಅದರ ತಾತ್ಪರ್ಯ. ನಲವತ್ತು ಹುಡುಗರು ಒಟ್ಟಿಗೆ ನಿನ್ನ ಕಡೆಗೆ ತಿರುಗಿದರು. ಒಂದು ತಿಂಗಳು ನಿನ್ನ ಹೆಸರು ‘ಭಯವಿಗಲಿತ’ ಎಂದಾಯಿತು. ಮೂತ್ರಕ್ಕೆ ಹೋಗಲು ಅನುಮತಿ ಕೇಳಿದರೂ ಹಾಗೆಯೇ ಕೂಗಿದರು. ಮರುವರ್ಷ ಪಲ್ಲವ ನರಸಿಂಹವರ್ಮನ ಪಾಠ ಬಂದ ದಿನ, 642ರಲ್ಲಿ ಆತ ಬಾದಾಮಿಗೆ ನುಗ್ಗಿ ಪುಲಿಕೇಶಿಯನ್ನು ಮುಗಿಸಿ ‘ವಾತಾಪಿಕೊಂಡ’ ಎನ್ನಿಸಿಕೊಂಡದ್ದನ್ನು ನೀನು ಎದ್ದು ನಿಂತು ಇಡೀ ತರಗತಿಗೆ ಎರಡು ಸಲ ಓದಿ ಹೇಳಿದ್ದು ನನಗೆ ಮರೆತಿಲ್ಲ.

ಈಗ ನೋಡು, ಸೋತ ಹರ್ಷನ ಹೆಸರು ಪ್ರತಿ ತರಗತಿಯಲ್ಲೂ ಒಂದೆರಡು ಸಿಗುತ್ತದೆ. ಕೊಂದ ನರಸಿಂಹನ ಹೆಸರು ಬೀದಿಗೆ ನಾಲ್ಕಿದೆ, ಅದರ ಪುಣ್ಯ ಪಲ್ಲವರಿಗಿಂತ ದೇವರಿಗೇ ಹೆಚ್ಚು ಸಲ್ಲಬೇಕಾದರೂ. ಕಳೆದುಹೋದ ಬಾದಾಮಿಯನ್ನು ಮರಳಿ ಪಡೆದ ಮಗ ವಿಕ್ರಮಾದಿತ್ಯನ ಹೆಸರೂ ‘ವಿಕ್ರಮ್’ ಆಗಿ ಸುಖವಾಗಿದೆ. ನಡುವಿನವನೊಬ್ಬನೇ ಪಠ್ಯಪುಸ್ತಕದಲ್ಲಿ ಉಳಿದ. ಬೆಂಗಳೂರಿನಲ್ಲಿ ಒಂದು ಬಡಾವಣೆಗೇ ಪುಲಿಕೇಶಿ ನಗರ ಎಂದು ಹೆಸರಿಟ್ಟರೂ ಆಟೋದವರು ಇಂದಿಗೂ ಫ್ರೇಜರ್ ಟೌನ್ ಎಂದರೆ ಮಾತ್ರ ಮೀಟರ್ ಹಾಕುತ್ತಾರೆ, ಅದೂ ಹಾಕಿದರೆ. ಚೆನ್ನೈನಿಂದ ಬಂದ ಸಹೋದ್ಯೋಗಿಯೊಬ್ಬರು ಮೊದಲ ದಿನ ನನ್ನ ಹೆಸರು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. 2006ರಲ್ಲಿ ಬಂದ ತಮಿಳು ಚಿತ್ರವೊಂದರಲ್ಲಿ ವಡಿವೇಲು ಇಪ್ಪತ್ಮೂರನೆಯ ಪುಲಿಕೇಶಿ ಎಂಬ ಪೆದ್ದ ರಾಜನಾಗಿದ್ದಾರಂತೆ. ಪಲ್ಲವರು ಎರಡನೆಯ ಸಲ ಗೆದ್ದರು, ಹರ್ಷ, ಈ ಸಲ ಆನೆಯೂ ಬೇಕಾಗಲಿಲ್ಲ.

ಇಷ್ಟರಲ್ಲೇ ಪತ್ರ ಮುಗಿಸಿ, ಎರಡು ಹೆಸರುಗಳ ಪಟ್ಟಿ ಕೊಟ್ಟು, ತೊಟ್ಟಿಲಿನ ಊಟಕ್ಕೆ ಬರುತ್ತೇನೆ ಎಂದು ಬರೆದಿದ್ದರೆ ಚೆನ್ನಾಗಿತ್ತು.

ಹೋದ ತಿಂಗಳು ಅಪ್ಪನಿಗೆ ಕಣ್ಣಿನ ಪೊರೆ ತೆಗೆಸಲು ಇಲ್ಲಿಗೆ ಕರೆಸಿಕೊಂಡಿದ್ದೆ. ಮರುದಿನ ತಪಾಸಣೆ ಮುಗಿಸಿ ಬರುವಾಗ, ಹೆಸರು ಕೇಳಿ ಲೋಟದ ಮೇಲೆ ಬರೆಯುವ ಒಂದು ಕಾಫಿ ಅಂಗಡಿಗೆ ಕರೆದೊಯ್ದೆ. ಅವರನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿ ಹಣ ಕೊಟ್ಟು ಬಂದೆ. ಸ್ವಲ್ಪ ಹೊತ್ತಿಗೆ ಹುಡುಗ ‘ಹರ್ಷ ಸರ್, ಎರಡು ಕಾಫಿ’ ಎಂದು ಕೂಗಿದ. ಅಪ್ಪ ತಟ್ಟನೆ ಎದ್ದು ನಿಂತರು. ‘ಹರ್ಷ ಬಂದಾನೇನು? ಎಲ್ಲಿ ಅದಾನ?’ ಎನ್ನುತ್ತಾ ಕಪ್ಪು ಕನ್ನಡಕವನ್ನು ಹಣೆಗೇರಿಸಿ, ನೀರೂರುವ ಒಂದು ಕಣ್ಣಿನಲ್ಲಿ, ಅಷ್ಟೂ ಮೇಜುಗಳ ನಡುವೆ ನಿನ್ನನ್ನು ಹುಡುಕತೊಡಗಿದರು. ಮುಖದಲ್ಲಿ ಎಂಥ ಸಂತೋಷವಿತ್ತು ಎಂದರೆ, ನೀನು ನಿಜವಾಗಿ ಅಲ್ಲಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗನ್ನಿಸಿತು. ಹುಡುಗ ಇನ್ನೊಮ್ಮೆ ಕೂಗಿದ. ನಾನು ಎದ್ದು ಹೋಗಿ ಲೋಟಗಳನ್ನು ತಂದೆ.

ಹೌದು, ಏಳೆಂಟು ವರ್ಷಗಳಿಂದ ಕಾಫಿ ಅಂಗಡಿಯಲ್ಲಿ, ಊಟದ ಪಾರ್ಸೆಲ್ಲಿಗೆ, ಪರಿಚಯವಿಲ್ಲದವರು ಹೆಸರು ಕೇಳುವ ಎಲ್ಲ ಕಡೆಗೂ ನಿನ್ನ ಹೆಸರನ್ನೇ ಕೊಡುತ್ತಿದ್ದೇನೆ. ಕಾಗುಣಿತ ಹೇಳುವ ಕಷ್ಟ ತಪ್ಪುತ್ತದೆ ಎಂಬುದು ನಾನು ನನಗೆ ಹೇಳಿಕೊಂಡ ಕಾರಣ. ಅದು ಅರ್ಧ ಸುಳ್ಳು. ಹರ್ಷ ಎಂದಾಗ ಯಾರೂ ತಲೆಯೆತ್ತಿ ನನ್ನನ್ನು ಅಳೆಯುವುದಿಲ್ಲ. ಪುಲಿಕೇಶಿ ಎಂದಾಗ ಒಂದು ಕ್ಷಣ ಎಲ್ಲರೂ ಮುಖ ನೋಡುತ್ತಾರೆ, ಆ ಒಂದು ಕ್ಷಣದಲ್ಲಿ ನಾನು ಸೋಲುತ್ತೇನೆ. ಮಗನಿಗೆ ವಿಹಾನ್ ಎಂದು ಹೆಸರಿಟ್ಟಾಗಲೂ ಇದೇ. ಅಪ್ಪ ಬರೆದು ಕಳುಹಿಸಿದ್ದ ಚೀಟಿಯಲ್ಲಿ ಮೂರು ಹೆಸರುಗಳಿದ್ದವು: ಕೀರ್ತಿವರ್ಮ, ಮಂಗಲೇಶ, ಅಮೋಘವರ್ಷ. ಆ ಚೀಟಿ ಸಿಗಲೇ ಇಲ್ಲ ಎಂದು ನಾನು ಅವರಿಗೆ ಹೇಳಿದೆ. ಅದು ಇಂದಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಇದನ್ನು ಮನೆಯಾಕೆಗೂ ಹೇಳಿಲ್ಲ. ಇಲ್ಲಿ ಬರೆಯುವ ಉದ್ದೇಶವೂ ಇರಲಿಲ್ಲ.

ಅಪ್ಪ ಅಂದು ಏನೂ ಕೇಳಲಿಲ್ಲ. ಕುಳಿತು, ಲೋಟವನ್ನು ತಿರುಗಿಸಿ, ಮಾರ್ಕರಿನಲ್ಲಿ ಬರೆದದ್ದನ್ನು ಹೊಸ ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಶಸ್ತ್ರಕ್ರಿಯೆಯ ನಂತರ ಅವರು ಓದಿದ ಮೊದಲ ಅಕ್ಷರಗಳು ಅವು. ಒಂದು ಗುಟುಕು ಕುಡಿದು ‘ಸಕ್ಕರಿ ಕಡಿಮಿ ಆಗೇದ’ ಎಂದರು.

ಸಮರ್ಥನೆಗೆ ಒಂದು ಶಾಸನವನ್ನು ಹುಡುಕಿಟ್ಟುಕೊಂಡಿದ್ದೇನೆ, ಕೇಳು. ಬಾದಾಮಿಯ ಬಂಡೆಯ ಮೇಲೆ 543ರಲ್ಲಿ ಕೋಟೆ ಕಟ್ಟಿದ್ದನ್ನು ಬರೆಸಿದ ಮೊದಲ ಪುಲಿಕೇಶಿ ಅಲ್ಲಿ ತನ್ನನ್ನು ‘ವಲ್ಲಭೇಶ್ವರ’ ಎಂದು ಕರೆದುಕೊಂಡಿದ್ದಾನೆ, ಪುಲಿಕೇಶಿ ಎಂಬುದು ಆ ಬಂಡೆಯ ಮೇಲೆ ಇಲ್ಲ. ಅವನ ಮೊಮ್ಮಗ ಇಮ್ಮಡಿ ಪುಲಿಕೇಶಿಯ ಹೆಸರು ಮೊದಲಿಗೆ ಎರೆಯ ಎಂದಿತ್ತು, ಚಿಕ್ಕಪ್ಪ ಮಂಗಲೇಶನನ್ನು ಸೋಲಿಸಿದ ಮೇಲೆ ಅಜ್ಜನ ಹೆಸರನ್ನು ಧರಿಸಿದ ಎಂದು ಪೆದ್ದವಡುಗೂರಿನ ಶಾಸನವನ್ನು ಹಿಡಿದು ಕೆಲವು ವಿದ್ವಾಂಸರು ಹೇಳುತ್ತಾರೆ. ಒಬ್ಬ ಹೆಸರನ್ನು ಮರೆಮಾಡಿದ, ಇನ್ನೊಬ್ಬ ಬೇರೊಬ್ಬರದನ್ನು ಎತ್ತಿಕೊಂಡ. ಮನೆತನದ ಸಂಪ್ರದಾಯವನ್ನೇ ನಾನು ಪಾಲಿಸುತ್ತಿದ್ದೇನೆ ಎಂದು ವಾದಿಸಬಹುದು. ಅಪ್ಪನೆದುರು ವಾದಿಸುವ ಧೈರ್ಯ ಮಾತ್ರ ಬಂದಿಲ್ಲ.

ನಿನ್ನ ಮಗನಿಗೆ ಎರೆಯ ಎಂದಿಡಬಹುದು, ಚಿಕ್ಕದು, ತರಗತಿಯಲ್ಲಿ ಎರಡನೆಯವನು ಖಂಡಿತ ಇರುವುದಿಲ್ಲ. ಎರೆಹುಳು ಎಂದು ಕರೆದವರ ಹಲ್ಲು ಉದುರಿಸುವ ಹೊಣೆ ಸೋದರಮಾವನ ಸ್ಥಾನದಲ್ಲಿ ನನ್ನದು. ಪುಲಿಕೇಶಿ ಎಂದೇ ಇಡುವುದಾದರೆ, ನಿನ್ನಪ್ಪನ ತಲೆಯನ್ನೊಮ್ಮೆ ನೋಡಿ ನಿರ್ಧರಿಸು.

ಅಂದಹಾಗೆ, ಪ್ರಾಯಶ್ಚಿತ್ತವೆಂದು ನಿನ್ನೆ ಅದೇ ಅಂಗಡಿಗೆ ಒಬ್ಬನೇ ಹೋಗಿ, ಗಂಟಲು ಸರಿಮಾಡಿಕೊಂಡು, ‘ಪುಲಿಕೇಶಿ’ ಎಂದು ಹೇಳಿದೆ. ಹುಡುಗ ತಲೆಯಾಡಿಸಿ ಬರೆದುಕೊಂಡ. ಐದು ನಿಮಿಷಕ್ಕೆ ‘ಕೇಶವ ಸರ್’ ಎಂದು ಕೂಗಿದ. ಹೋಗಿ ತೆಗೆದುಕೊಂಡೆ.

ಇಂತಿ ನಿನ್ನ,
ಪುಲಿಕೇಶಿ

ತಾ.ಕ.: ಬನಶಂಕರಿ ಜಾತ್ರೆಯ ಮೂರನೆಯ ಮಿರ್ಚಿಯ ದುಡ್ಡು ಇನ್ನೂ ಬಂದಿಲ್ಲ. ಹೆಸರಿನ ಬಾಡಿಗೆಯಲ್ಲಿ ಅದನ್ನು ಮುರಿದುಕೊಳ್ಳಬೇಡ.