ಹಾಡು ಕೇಳಿತು, ಮಾತು ಕೇಳಲಿಲ್ಲ: ಕಾರವಾರದ ಸಂಗೀತ ಸಂಜೆಯ ಬಗ್ಗೆ ದೂರು

ಇವರಿಗೆ,
ಗ್ರಾಹಕ ದೂರು ವಿಭಾಗದ ಮುಖ್ಯಸ್ಥರು,
ಸಂಗೀತ ಸಂಜೆ ಆಯೋಜಿಸಿ ಟಿಕೆಟ್ ಮಾರಿದ ಸಂಸ್ಥೆ

ವಿಷಯ: ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದ ಕಾರ್ಯಕ್ರಮದಲ್ಲಿ ಹಿಂದಿನ ಬ್ಲಾಕಿನವರಿಗೆ ಗಾಯಕರ ಮಾತು ಕೇಳದಿದ್ದ ಬಗ್ಗೆ.

ಮಾನ್ಯರೇ,

‘ಕಾರ್ಯಕ್ರಮ ಪೂರ್ತಿ ನಡೆದಿದೆ, ಹಣ ವಾಪಸ್ ಇಲ್ಲ’ ಎಂದು ನಿಮ್ಮ ಸಹಾಯವಾಣಿಯವರು ಒಂದೇ ಸಾಲಿನ ಉತ್ತರ ಕಳಿಸಿ ನನ್ನ ದೂರನ್ನು ಮುಗಿಸಿಬಿಟ್ಟಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ನಡೆದ ಕಾರ್ಯಕ್ರಮದ ಅರ್ಧ ನಾವು ಕೂತಲ್ಲಿಗೆ ಬಂದೇ ಇಲ್ಲ.

ಈ ಗಾಯಕರ ಹಾಡುಗಳು ಎಲ್ಲರ ಮೊಬೈಲಿನಲ್ಲೂ ಇವೆ. ಜನ ದುಡ್ಡು ಕೊಟ್ಟು ಬರುವುದು ಎರಡು ಹಾಡುಗಳ ನಡುವೆ ಅವರು ಆಡುವ ಮಾತಿಗೆ. ಬಡತನದ ದಿನಗಳು, ಆರ್ಕೆಸ್ಟ್ರಾದ ಫಜೀತಿಗಳು, ಸೋತು ಊರಿಗೆ ವಾಪಸಾದದ್ದು, ಎಲ್ಲವನ್ನೂ ಅವರು ನಗಿಸುತ್ತಲೇ ಹೇಳುತ್ತಾರೆ. ನಿಮ್ಮ ಜಾಹೀರಾತಿನಲ್ಲೂ ‘ಹಾಡು ಮತ್ತು ಹರಟೆ’ ಎಂದೇ ಇತ್ತು. ನಮ್ಮ ಆಯಿ, ಅಂದರೆ ಅಮ್ಮ, ಅಡಿಕೆ ಸುಲಿಯುವಾಗ ಈ ಹರಟೆಯ ರೆಕಾರ್ಡಿಂಗ್ ಕೇಳುತ್ತಾ ಒಬ್ಬಳೇ ನಗುವವಳು. ಒಮ್ಮೆ ಎದುರು ಕೂತು ಕೇಳಬೇಕೆಂಬ ಅವಳ ಆಸೆಗಾಗಿ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಬಂದೆವು.

ಬುಕ್ ಮಾಡುವಾಗ ನೀವು ತೋರಿಸಿದ ನಕ್ಷೆಯಲ್ಲಿ ನಮ್ಮ ಗೋಲ್ಡ್ ಬ್ಲಾಕ್ ವೇದಿಕೆಯಿಂದ ಎರಡನೆಯದು. ಅಲ್ಲಿ ಹೋಗಿ ನೋಡಿದರೆ ಮುಂದೆ ಪಾಸಿನವರಿಗೆಂದು ಸೋಫಾ ಹಾಕಿ ನಮ್ಮ ಕುರ್ಚಿಗಳನ್ನು ಹಿಂದಕ್ಕೆ ತಳ್ಳಿದ್ದರು. ಸ್ಪೀಕರ್ ಇದ್ದದ್ದು ವೇದಿಕೆಯ ಎರಡು ಬದಿಗೆ ಮಾತ್ರ. ತೆರೆದ ಕಡಲತೀರದಲ್ಲಿ ಗಾಳಿ ದನಿಯನ್ನು ಚೆದುರಿಸುತ್ತದೆ. ಡ್ರಮ್ಮಿನ ದಪ್ಪ ಸದ್ದು ಹೇಗೋ ದೂರ ಸಾಗುತ್ತದೆ, ಮಾತಿನ ಸಣ್ಣ ಅಕ್ಷರಗಳು ಅಷ್ಟು ದೂರಕ್ಕೆ ಉಳಿಯುವುದಿಲ್ಲ. ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 70 ಮೀಟರ್ ಹಿಂದೆ ಕೂತವರಿಗೆ ಅದು ಸೆಕೆಂಡಿನ ಐದನೇ ಒಂದು ಭಾಗ ತಡವಾಗಿ ಮುಟ್ಟುತ್ತದೆ. ಹಾಗಾಗಿ ಎಲ್‌ಇಡಿ ಪರದೆಯಲ್ಲಿ ಕಾಣುವ ತುಟಿಗೂ ಕಿವಿಗೆ ಬೀಳುವ ದನಿಗೂ ತಾಳೆಯೇ ಇರಲಿಲ್ಲ. ನಡುವೆ ಇನ್ನೊಂದು ಜೊತೆ ಸ್ಪೀಕರ್ ನಿಲ್ಲಿಸಿ, ದೂರಕ್ಕೆ ತಕ್ಕಷ್ಟು ತಡೆದು ದನಿ ಬಿಡುವುದು ಈ ಕಸುಬಿನವರಿಗೆಲ್ಲ ಗೊತ್ತಿರುವ ಕ್ರಮ. ನೀವು ಅದನ್ನು ಮಾಡಲಿಲ್ಲ.

ನಮ್ಮ ಕಡೆ ಯಕ್ಷಗಾನದ ಆಟಕ್ಕೆ ಬಂದವರು ಹಾಸ್ಯಗಾರನ ಒಂದು ಮಾತು ತಪ್ಪಿದರೂ ಸುಮ್ಮನಿರುವುದಿಲ್ಲ. ಇಲ್ಲಿ ಎಲ್ಲ ಮಾತೂ ತಪ್ಪಿತು. ಮುಂದಿನ ಸಾಲಿನವರ ಬೆನ್ನು ನಗುವಿಗೆ ಕುಲುಕುವುದು ಕಾಣುತ್ತಿತ್ತು, ಏಕೆಂದು ತಿಳಿಯುತ್ತಿರಲಿಲ್ಲ. ಆಯಿ ನನ್ನ ಮೊಣಕೈ ಹಿಡಿದು ‘ಎಂತ ಹೇಳ್ದ ತಂಗಿ?’ ಎಂದು ಮತ್ತೆ ಮತ್ತೆ ಕೇಳಿದಳು. ಆಮೇಲೆ ಕೇಳುವುದನ್ನೇ ಬಿಟ್ಟಳು.

ದನಿ ಹೆಚ್ಚಿಸಿ ಎಂದು ಹೇಳಲು ನಾನು ಮಿಕ್ಸರ್ ಮೇಜಿನ ಬಳಿ ಹೋದೆ. ‘ಇಲ್ಲಿ ಸರಿಯಾಗಿಯೇ ಕೇಳ್ತಿದೆ ಮೇಡಂ’ ಎಂದರು. ಅಲ್ಲಿ ಕೇಳುತ್ತಿದ್ದದ್ದು ನಿಜ. ಗಾಯಕರು ಹೇಳುತ್ತಿದ್ದರು: ಹುಡುಗನಾಗಿದ್ದಾಗ ಮದುವೆ ಮನೆಯಲ್ಲಿ ಹಾಡಿದರಂತೆ. ಒಬ್ಬ ಅಜ್ಜಿ ಬಂದು ಇನ್ನೂ ಒಂದು ಹಾಡು ಮಾರಾಯ ಎಂದರಂತೆ. ಇವರು ಉಬ್ಬಿಹೋಗಿ ಯಾವುದು ಹಾಡಲಿ ಎಂದು ಕೇಳಿದರೆ, ‘ಯಾವ್ದಾದ್ರೂ ಅಡ್ಡಿಲ್ಲ, ಅನ್ನ ಇನ್ನೂ ಬೆಂದಿಲ್ಲ!’

ಓಡಿ ಬಂದು ಆಯಿಗೆ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಪಕ್ಕದವರು ಏನಂತೆ ಎಂದು ಕೇಳಿದರು, ಅವರಿಂದ ಹಿಂದಿನ ಸಾಲಿಗೆ ಹೋಯಿತು, ನಗು ಒಂದೊಂದೇ ಸಾಲು ದಾಟಿ ಬ್ಲಾಕಿನ ಕೊನೆಯ ಹಗ್ಗದ ತನಕ ಹೋಯಿತು. ಇಡೀ ಸಂಜೆ ನಮ್ಮ ಬ್ಲಾಕಿಗೆ ಮುಟ್ಟಿದ ಹರಟೆ ಅದೊಂದೇ. ಇಂಥವು ಎಷ್ಟು ಹೋದವೋ ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಶುರುವಾದದ್ದು ಒಂದು ಗಂಟೆಗೂ ಹೆಚ್ಚು ತಡವಾಗಿ. ವಿಶೇಷ ಅನುಮತಿ ಇಲ್ಲದೆ ರಾತ್ರಿ 10ರ ಮೇಲೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲವೆಂಬುದು 2000ದ ಶಬ್ದ ಮಾಲಿನ್ಯ ನಿಯಮ. ಆ ಹೊತ್ತಾಗುತ್ತಲೇ ಗಾಯಕರು ಮಾತು ಅರ್ಧಕ್ಕೆ ನಿಲ್ಲಿಸಿ ಕೈಮುಗಿದರು. ಅವರ ಮೇಲೆ ನಮಗೆ ಒಂದಿಷ್ಟೂ ದೂರಿಲ್ಲ. ನೀರು, ಶೌಚಾಲಯದ ಅವ್ಯವಸ್ಥೆಯನ್ನು ಬೇರೆಯವರು ಬರೆದಿರಬಹುದು, ನಾನು ಬರೆಯುವುದಿಲ್ಲ.

ನಕ್ಷೆಯ ಜಾಗದಿಂದ ಹಿಂದಕ್ಕೆ ತಳ್ಳಿದ ಬ್ಲಾಕುಗಳ ಎಲ್ಲರಿಗೂ ಟಿಕೆಟಿನ ಅರ್ಧ ಹಣ ಮತ್ತು ಬುಕಿಂಗ್ ಶುಲ್ಕ ಮರಳಿಸಿ. ಅಂದು ನಿಮ್ಮ ಕ್ಯಾಮೆರಾಗಳು ಎಲ್ಲವನ್ನೂ ಚಿತ್ರೀಕರಿಸಿವೆ; ಗಾಯಕರ ಒಪ್ಪಿಗೆ ಪಡೆದು ಆ ಹರಟೆಯ ಧ್ವನಿಮುದ್ರಣವನ್ನು ಟಿಕೆಟ್ ಕೊಂಡವರಿಗೆ ಕಳಿಸಿ. ನನಗೆ ಹಣಕ್ಕಿಂತ ಇದೇ ಮುಖ್ಯ.

15 ದಿನಗಳಲ್ಲಿ ಲಿಖಿತ ಉತ್ತರ ಬಾರದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯೆಂದು ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ. ಟಿಕೆಟ್, ನಿಮ್ಮ ಆಸನ ನಕ್ಷೆ ಮತ್ತು ನಾವು ಕೂತಲ್ಲಿಂದ ತೆಗೆದ ವಿಡಿಯೊ ಲಗತ್ತಿಸಿದ್ದೇನೆ.

ಇಂತಿ,
ಗೋಲ್ಡ್ ಬ್ಲಾಕಿನ ಪ್ರೇಕ್ಷಕಿ, ಶಿರಸಿ