ಕಾರ್ಡ್ ಹಾಕಿದ್ರ ಫೋನ್ ದೊಡ್ಡದಾಗೂದಿಲ್ಲ

ಸಂಪಾದಕರಿಗೆ ನಮಸ್ಕಾರ್ರೀ,

ನಾನು ಬ್ಯಾಡಗಿಯ ಒಂದು ದಲಾಲಿ ಅಂಗಡಿಯಾಗ ಲೆಕ್ಕಾ ಬರಿಯಾಂವ. ಸುಗ್ಗಿಯಾಗ ಮೆಣಸಿನಕಾಯಿ ಲಾಟಿನ ಫೋಟೋ, ತೂಕದ ಚೀಟಿ, ರೈತರ ಪಾಸ್‌ಬುಕ್ ಎಲ್ಲಾ ವಾಟ್ಸಾಪಿಗೇ ಬಂದು ಬೀಳ್ತಾವ, ಹಿಂಗಾಗಿ ನನ್ನ 16 ಜಿಬಿ ಫೋನು ಡಿಸೆಂಬರ್ ಬರೂದ್ರಾಗ ತುಂಬಿ ಕುಂತಬಿಡ್ತು. ಡಬ್ಬಿ ಮ್ಯಾಲ 16 ಅಂತ ಬರದಿದ್ರೂ ಆಂಡ್ರಾಯ್ಡ್ ತನ್ನ ಪಾಲು ಮೊದಲ ತಗೊಂಡಿರ್ತದಲ್ರೀ. ಮೊಬೈಲ್ ಅಂಗಡಿಯಾಂವ "ಹೊಸಾ ಫೋನ್ ಯಾಕ್ರೀ, 64 ಜಿಬಿ ಮೆಮರಿ ಕಾರ್ಡ್ ಹಾಕಿ ಅದನ್ನ ಫೋನಿನ ಒಳಗಿನ ಮೆಮರಿ ಇದ್ದಂಗ, ಇಂಟರ್ನಲ್ ಮಾಡಿಕೊಡ್ತೀನಿ" ಅಂದ, ನಾನೂ ಹೂಂ ಅಂದೆ.

ಹಂಗ ಮಾಡೂ ಸವಲತ್ತು 2015ರ ಆಂಡ್ರಾಯ್ಡ್ 6ರಿಂದ ಐತಿ ಖರೆ, ಎಲ್ಲಾ ಕಂಪನಿಯವ್ರೂ ಕೊಟ್ಟಿಲ್ಲ ಅಷ್ಟ. ಆದ್ರ ಹಂಗ ಮಾಡಿದಾಗ ಕಾರ್ಡು ಎನ್‌ಕ್ರಿಪ್ಟ್ ಆಗಿ, ಅಂದ್ರ ಕೀಲಿ ಇಲ್ದ ಯಾರಿಗೂ ಓದಾಕ ಬರದಂಗ ಆಗಿ, ಆ ಒಂದ ಫೋನಿಗೆ ಗಂಟು ಬೀಳ್ತದ, ಕೀಲಿ ಫೋನಿನ ಒಳಗ ಇರ್ತದ ಅನ್ನೂದನ್ನ ಆತ ಹೇಳಲಿಲ್ಲ. ಒಂದು ತಿಂಗಳಾಗ ಫೋನು ಎಷ್ಟು ನಿಧಾನ ಆತಂದ್ರ ಗ್ಯಾಲರಿ ತೆಗಿಯೂದ್ರಾಗ ಎದುರಿಗೆ ನಿಂತ ರೈತ ಚಾ ಕುಡದು ಬರ್ತಿದ್ದ. ತಿರುಗಿ ಅಂಗಡಿಗೆ ಒಯ್ದೆ, ಆತ ರೀಸೆಟ್ ಹೊಡದ, ಕೀಲಿ ಹೋತು. ಕಾರ್ಡು ಗಟ್ಟಿಮುಟ್ಟಾಗೇ ಐತ್ರೀ, ಕಂಪ್ಯೂಟರಿಗೆ ಹಾಕಿದ್ರ ಫಾರ್ಮ್ಯಾಟ್ ಮಾಡಲೇನು ಅಂತ ಕೇಳ್ತದ, ಒಳಗಿಂದು ಒಂದ ಚೀಟಿನೂ ಸಿಗೂದಿಲ್ಲ. ಎರಡು ವಾರ ರೈತರಿಗೆ ಫೋನ್ ಹಚ್ಚಿ ಹಚ್ಚಿ ಮತ್ತ ಕೇಳಿ ಇಸಗೊಂಡೀನಿ.

ಹುಬ್ಬಳ್ಳಿಯಾಗ ಇಂಜಿನಿಯರಿಂಗ್ ಓದೂ ನನ್ನ ತಂಗಿ ಮಗ ಆಮ್ಯಾಲ ಬಿಡಿಸಿ ಹೇಳಿದ. ಕಾರ್ಡಿನ ಮ್ಯಾಲ ವೇಗದ ಗುರುತು ಕ್ಲಾಸ್ 10 ಅಂತ ಇದ್ರ ಒಂದೇ ಸಮನ ಬರಿಯುವಾಗ ಸೆಕೆಂಡಿಗೆ ಕನಿಷ್ಠ 10 ಎಂಬಿ, ಅದು ವಿಡಿಯೋ ತೆಗಿಯೂಕ್ಕ ಸಾಕು. ಆಪ್‌ಗಳು ಹಂಗ ಬರಿಯೂದಿಲ್ಲ, ಚೂರು ಚೂರು ಸಾವಿರ ಕಡೆ ಬರೀತಾವ. ನನ್ನ ಭಾಷೆದಾಗ ಹೇಳಬೇಕಂದ್ರ ಒಂದು ಲಾರಿ ಚೀಲ ಇಳಿಸೂದು ಬ್ಯಾರೆ, ನೂರು ಮಂದಿ ಅರ್ಧರ್ಧ ಚೀಲ ತಂದು ಒಬ್ಬೊಬ್ಬರೂ ತೂಕಾ ಮಾಡಸೂದು ಬ್ಯಾರೆ, ಹಮಾಲರು ಎರಡನೇದಕ್ಕ ಸೋಲೂದು. ಅದಕ್ಕಂತನ ಎ1 ಅನ್ನೂ ಗುರುತಿನ ಕಾರ್ಡು ಬಂದಾವ, ಸೆಕೆಂಡಿಗೆ ಕನಿಷ್ಠ 1500 ಸಲ ಓದಿ 500 ಸಲ ಬರಿಬೇಕು, ಎ2 ಅಂದ್ರ 4000 ಮತ್ತ 2000. ನನ್ನ ಕಾರ್ಡಿನ ಮ್ಯಾಲ ಎರಡೂ ಇರಲಿಲ್ಲ. ಅದೂ ಅಲ್ದ 8 ಜಿಬಿ ಚಿಪ್ಪಿಗೆ 64 ಅಂತ ಸುಳ್ಳು ಹೇಳಿಸಿ ಮಾರೂ ಕಾರ್ಡು ಬ್ಯಾರೆ ಬರ್ತಾವಂತ.

ಇಡೀ ಆಪರೇಟಿಂಗ್ ಸಿಸ್ಟಂ ಕಾರ್ಡಿನಿಂದನ ನಡಿಯೂ ಯಂತ್ರನೂ ಅದಾವ್ರೀ, ನನ್ನ ತಂಗಿ ಮಗನ ಹತ್ರ ರಾಸ್ಪ್‌ಬೆರಿ ಪೈ ಅನ್ನೂ ಒಂದು ಸಣ್ಣ ಕಂಪ್ಯೂಟರ್ ಐತಿ. ಕರೆಂಟ್ ಫಟ್ಟಂತ ಹೋದಾಗೊಮ್ಮೆ ಕಾರ್ಡು ಕೆಟ್ಟು ಮತ್ತ ಮೊದಲಿಂದ ಹಾಕಬೇಕಂತ, ನಮ್ಮ ಕಡೆ ಕರೆಂಟಿನ ಕಥಿ ನಿಮಗ ಗೊತ್ತ ಐತಿ. ಪೈನ್‌ಫೋನ್ ಅನ್ನೂ ಮೊಬೈಲೂ ಕಾರ್ಡಿನಿಂದ ಚಾಲೂ ಆಗ್ತದ, ಲಿನಕ್ಸ್ ಅನ್ನೂ ಆಪರೇಟಿಂಗ್ ಸಿಸ್ಟಂನ ಹೊಸಾ ಹೊಸಾ ನಮೂನಿ ಹಾಕಿ ನೋಡಾಕ ಅದು ಚಲೋ, ಒಪ್ಪಿಗಿ ಆದ್ರ ಒಳಗಿನ ಮೆಮರಿಗೆ ಹಾಕ್ಕೋಬಹುದು. ಆಟಕ್ಕ ಸರಿ. ದಂಧೆ ಮಾಡೂ ಫೋನಿಗೆ ಅಲ್ಲ.

ಈಗ ಸಾಲಾ ಮಾಡಿ 128ರ ಫೋನ್ ತಗೊಂಡೀನಿ, ಕಾರ್ಡಿನ್ಯಾಗ ಹಾಡು ಅಷ್ಟ. ನಿಮ್ಮ ಪೇಪರಿನ್ಯಾಗ ಹೊಸಾ ಮೊಬೈಲ್ ಬಗ್ಗೆ ಬರಿಯುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಹಾಕ್ತೀರಲ್ರೀ, ಅದರ ಬಾಜೂಕ ಒಳಗಿನ ಸ್ಟೋರೇಜ್ ನಿಧಾನದ ಇಎಂಎಂಸಿ ಜಾತಿದೋ ಜೋರಿನ ಯುಎಫ್‌ಎಸ್ ಜಾತಿದೋ, ಎಲ್ಲಾ ತಗದು ನಮಗ ಉಳಿಯೂದು ಎಷ್ಟು ಜಿಬಿ ಅನ್ನೂದನ್ನೂ ಒಂದು ಸಾಲು ಹಾಕ್ರಿ.

– ಒಬ್ಬ ಓದುಗ, ಬ್ಯಾಡಗಿ, ಹಾವೇರಿ ಜಿಲ್ಲೆ