ಬೇಸ್ ಕೇಳಿದ್ದು ಯಾವ ಕೋಣೆಯಲ್ಲಿ?

ಮಾನ್ಯ ಸಂಪಾದಕರೆ,

ಹಬ್ಬ ಬಂದರೆ ಸಾಕು, ಯಾವ ಸ್ಪೀಕರ್ ಕೊಳ್ಳಬೇಕು ಅನ್ನೋ ಬರಹಗಳು ಪತ್ರಿಕೆಗಳಲ್ಲಿ ಶುರುವಾಗುತ್ತವೆ. ವ್ಯಾಟ್ ಎಷ್ಟು, ಬೆಲೆ ಎಷ್ಟು, ಬೇಸ್ (ತಗ್ಗಿನ ಸ್ವರಗಳ ಸದ್ದು) ಹೇಗಿದೆ, ಎಲ್ಲ ಇರುತ್ತದೆ. ಬರೆದವರು ಎಷ್ಟು ದೊಡ್ಡ ಕೋಣೆಯಲ್ಲಿ, ಎಲ್ಲಿ ಕೂತು ಕೇಳಿದರು ಅನ್ನೋದು ಮಾತ್ರ ಇರುವುದಿಲ್ಲ.

ನಾವು ಸಕಲೇಶಪುರದ ಕಡೆಯ ಹಂಚಿನ ಮನೆ ಬಿಟ್ಟು ಹಾಸನಕ್ಕೆ ಬಂದೆವು. ಸ್ಪೀಕರ್ ಅದೇ, ಬೇಸ್‌ಗೆಂದೇ ಇರುವ ಸಬ್‌ವೂಫರ್ ಪೆಟ್ಟಿಗೆಯೂ ಅದೇ. ಅಲ್ಲಿ ಹಂಚಿನ ಸಂದಿಯಲ್ಲಿ ಒಂದಿಷ್ಟು ಸದ್ದು ಹೊರಗೆ ಹೋಗುತ್ತಿತ್ತು. ಇಲ್ಲಿ ಆರ್‌ಸಿಸಿ, ಸಿಮೆಂಟ್ ಗೋಡೆ, ಗ್ರಾನೈಟ್ ನೆಲ. ಮೃದಂಗದಲ್ಲಿ ರವೆ ಹಚ್ಚಿದ ಎಡಗಡೆ ಒಂದು ಪೆಟ್ಟು ಬಿದ್ದರೆ ಅದರ ಗುಂಯ್ ನಿಲ್ಲುವ ಮೊದಲೇ ಇನ್ನೊಂದು. ಒಂದು ದಿನ ಅಮ್ಮ ಗ್ರೈಂಡರ್ ಆಫ್ ಮಾಡಿಲ್ವಾ ಅಂತ ಅಡುಗೆಮನೆಗೆ ಹೋಗಿ ನೋಡಿಕೊಂಡು ಬಂದರು.

ಅಂಗಡಿಯವರ ಮಾತು ಕೇಳಿ ಗೋಡೆಗೆ ಎರಡಿಂಚು ಫೋಮ್ ಅಂಟಿಸಿದೆ. ತಾಳದ ಕಿಣಿಕಿಣಿ ಮಂಕಾಯಿತು, ಗುಂಯ್ ಹಾಗೇ ಉಳಿಯಿತು. 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸಲ ಕಂಪಿಸುವ ತಗ್ಗು ಸ್ವರದ ಅಲೆಯ ಉದ್ದವೇ ಸುಮಾರು 7 ಮೀಟರ್, ಅದಕ್ಕೆ ಎರಡಿಂಚು ಯಾವ ಲೆಕ್ಕ? ನಮ್ಮ ಹಾಲ್ 12 ಅಡಿಗೆ 12 ಅಡಿ. ಆ ಅಗಲದಲ್ಲಿ 47 ಹರ್ಟ್ಜ್‌ನ ಅರ್ಧ ಅಲೆ ಸರಿಯಾಗಿ ಕೂರುತ್ತದೆ, ಉದ್ದ ಅಗಲ ಎರಡೂ ಒಂದೇ ಆದ್ದರಿಂದ ಎರಡೂ ಕಡೆಯಿಂದ ಅದೇ ಸ್ವರಕ್ಕೆ ಒತ್ತು ಬೀಳುತ್ತದೆ. ಆ ಸ್ವರವನ್ನೇ ಹಾಕಿಟ್ಟು ಕಾಫಿ ಲೋಟ ಹಿಡಿದು ಓಡಾಡಿ ನೋಡಿದೆ. ಮೂಲೆಯಲ್ಲಿ ಎದೆ ನಡುಗುವಷ್ಟಿತ್ತು, ಕೋಣೆಯ ನಡುವೆ ಬಂದರೆ ಯಾರೋ ಸ್ವಿಚ್ ಆರಿಸಿದ ಹಾಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇಷ್ಟು ದಿನ ನಾನು ನಡುವೆ ಕುರ್ಚಿ ಹಾಕಿಕೊಂಡು ಬೇಸ್ ಸಾಲದು ಅಂತ ಜಾಸ್ತಿ ಮಾಡುತ್ತಿದ್ದೆ, ಗೋಡೆಗೆ ಒರಗಿ ಕೂತ ಮಾವ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಇಬ್ಬರ ಕಿವಿಯೂ ಸರಿಯಾಗೇ ಇತ್ತು ನೋಡಿ.

ಆಮೇಲೆ ಸಬ್‌ವೂಫರನ್ನು ನಾನು ಕೂರುವ ಜಾಗದಲ್ಲಿಟ್ಟು, ಗೋಡೆ ಪಕ್ಕ ಅಂಬೆಗಾಲಲ್ಲಿ ಹೋಗುತ್ತಾ ಎಲ್ಲಿ ಸ್ವರಗಳು ಸಮನಾಗಿ ಕೇಳುತ್ತವೆ ಅಂತ ಹುಡುಕಿದೆ. ಮನೆಯವರು ನಕ್ಕರು, ನಗಲಿ. ಅದನ್ನು ಆ ಜಾಗಕ್ಕಿಟ್ಟು, ಕುರ್ಚಿಯನ್ನು ನಡುವಿನಿಂದ ಎರಡಡಿ ಹಿಂದೆ ಸರಿಸಿದೆ. ಈಗ ಮೃದಂಗದ ಒಂದೊಂದು ಪೆಟ್ಟೂ ಬೇರೆ ಬೇರೆ ಕೇಳುತ್ತದೆ. ಖರ್ಚು ಸೊನ್ನೆ, ಫೋಮಿನ ದುಡ್ಡು ಬಿಟ್ಟರೆ.

ಇನ್ನೊಂದು ಮಾತು. ಸದ್ದು ಸಣ್ಣದಾದಷ್ಟೂ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ, ಅಮೆರಿಕದ ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಅಂಗಡಿಯಲ್ಲಿ ಎರಡು ಸ್ಪೀಕರ್ ಹೋಲಿಸುವಾಗ ಒಂದರ ವಾಲ್ಯೂಮ್ ಸ್ವಲ್ಪ ಏರಿಸಿಟ್ಟರೂ ಅದರದ್ದೇ ಬೇಸ್ ಚೆನ್ನ ಅನಿಸಿಬಿಡುತ್ತದೆ. ಎರಡನ್ನೂ ಸಮ ಮಾಡಿಸಿಯೇ ಕೇಳಬೇಕು.

ಮುಂದಿನ ಸಲ ಸ್ಪೀಕರ್ ಬಗ್ಗೆ ಬರೆಸುವಾಗ ಕೋಣೆಯ ಉದ್ದ, ಅಗಲ, ಎತ್ತರ ಮತ್ತು ಕೂತ ಜಾಗವನ್ನೂ ದಯವಿಟ್ಟು ಅಚ್ಚು ಹಾಕಿ. ಒಂದು ಸಾಲು ಸಾಕು.

ಒಬ್ಬ ಓದುಗ,
ವಿದ್ಯಾನಗರ, ಹಾಸನ